ಗುಡ್ಡ ಗುಡಿಸಿದ ದಿನ

ಇವತ್ತು ಬೆಳಗ್ಗೆ ಎಂದಿನಂತೆ ಹಾಲು ಕಾಯಿಸಿ, ಡಬ್ಬಿ ಕಟ್ಟಿ, ಇವರನ್ನು ಆಫೀಸಿಗೆ ಕಳಿಸಿ, ಗಿರಣಿಗೆ ಜೋಳ ಕೊಡಲೆಂದು ಡಬ್ಬದ ಮುಚ್ಚಳ ತೆಗೆದೆ. ಘಮ್ಮೆಂದಿತು. ಮೊನ್ನೆ ಕಾಳಿನಲ್ಲಿ ಹುಗಿದಿಟ್ಟು ಮರೆತಿದ್ದ ಸೀತಾಫಲ ಹಣ್ಣಾಗಿದ್ದವು. ಆ ವಾಸನೆಗೆ ಎದುರುಮನೆಯ ಖಾಲಾ ಬಂದು ಬಾಗಿಲಲ್ಲಿ ನಿಂತಂತಾಯಿತು...

ನಾನು ಶಹಾಪುರಕ್ಕೆ ಸೊಸೆಯಾಗಿ ಬಂದ ಹೊಸದು. ಓಣಿಯ ಹಿಂದಿನ ಗುಡ್ಡದಿಂದ ಸೀತಾಫಲ ತಂದು ಮಾರುತ್ತಿದ್ದವರು ಖಾಲಾ. ಬುಟ್ಟಿ ಇಳಿಸಿದವರೇ ಒಂದು ಹಣ್ಣನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಡುತ್ತಿದ್ದರು. "ಚಮಚ ಬ್ಯಾಡ ಕಾನ್ವೆಂಟ್ ಬೇಟಿ, ಬಾಯಿ ಹಚ್ಚು."

ಆ ವರ್ಷ ಗುಡ್ಡವನ್ನು ಕಲ್ಲುಕ್ವಾರಿಗೆ ಕೊಟ್ಟರು. ಅರಣ್ಯದವರನ್ನು ಕೇಳಿದರೆ ಕಂದಾಯದ್ದು ಎನ್ನುವರು, ಕಂದಾಯದವರು ಗಣಿಯವರತ್ತ ಕೈ ತೋರುವರು. ಖಾಲಾ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಕೋರ್ಟಿಗೇ ಹೋದರು. ಕ್ವಾರಿಯವರ ವಾದ ಒಂದೇ: ಇದು ಪಾಳುಬಂಡೆ, ಇಲ್ಲಿ ಏನೂ ಬೆಳೆಯುವುದಿಲ್ಲ. ಕಣ್ಣಾರೆ ನೋಡಿ ವರದಿ ಕೊಡಲು ಕೋರ್ಟು ಒಬ್ಬರನ್ನು ನೇಮಿಸಿತು. ಅವರು ಬರುವುದೋ ಕಡುಬೇಸಿಗೆಯಲ್ಲಿ, ಸೀತಾಫಲದ ಗಿಡದಲ್ಲಿ ಒಂದೆಲೆಯೂ ಇಲ್ಲದಾಗ. ಕೀಳದೆ ಉಳಿದು ಟೊಂಗೆಯಲ್ಲೇ ಕಪ್ಪಗೆ ಒಣಗಿದ ಕಾಯಿಗಳನ್ನೇ ಖಾಲಾ ಸಾಕ್ಷಿಗೆ ನಂಬಿದ್ದರು.

ಅದು ನಮಗೆಲ್ಲಿ ಗೊತ್ತು? ಸಾಹೇಬರು ಬರುತ್ತಾರೆಂದು ಓಣಿಗೆ ಓಣಿಯೇ ನಸುಕಿನಲ್ಲೆದ್ದು ಗುಡ್ಡ ಗುಡಿಸಿತು. ಒಣಕಾಯಿಗಳನ್ನೆಲ್ಲ ಬಡಿದು ಉದುರಿಸಿ, ಕಸದ ಜೊತೆ ಕೆಳಗೆ ರಾಶಿ ಹಾಕಿದೆವು. ದಾರಿಯ ಬಾಯಿಗೆ ಹಾಕಿದ ರಂಗೋಲಿ ನನ್ನದು.

ಹಿಂದಿನ ದಿನವೇ ವಕೀಲರನ್ನು ಕಾಣಲು ಯಾದಗಿರಿಗೆ ಹೋಗಿದ್ದ ಖಾಲಾ, ಸಾಹೇಬರ ಕಾರಿನ ಹಿಂದೆಯೇ ಆಟೋದಲ್ಲಿ ಬಂದಿಳಿದರು. ಗುಡ್ಡ ನೋಡಿ ಅಲ್ಲೇ ಕುಕ್ಕರಿಸಿದರು.

"ಕಾಯಿ ಎಲ್ಲಿ ಹೋದುವ್ರೇ?"

"ಸಾಹೇಬ್ರಿಗಿ ಕಸ ತೋರಸ್ತಾರೇನ್ ಖಾಲಾ? ಎಲ್ಲಾ ಸ್ವಚ್ಛ ಮಾಡೀವಿ," ಎಂದರು ಮೂಲೆಮನೆ ಕಾಕು, ಹೆಮ್ಮೆಯಿಂದ.

"ಭಾಳ ಚೊಲೋ ಮಾಡೀರಿ. ನನ್ನ ಕೇಸೂ ಸ್ವಚ್ಛ ಆತು."

ಕ್ವಾರಿಯ ಕಡೆಯವನೊಬ್ಬ ನಕ್ಕ. ಅಷ್ಟರಲ್ಲಿ ನನಗೆ ಹೊಗೆ ಕಂಡಿತು. ಯಾರೋ ರಾಶಿಗೆ ಬೆಂಕಿ ಹಚ್ಚಿದ್ದರು. ಓಡಿದೆ... ಚಪ್ಪಲಿ ಎಲ್ಲಿ ಬಿತ್ತೋ. ಹೊಸ ಸೊಸೆ ತಲೆಮೇಲಿನ ಸೆರಗು ಹಾರಿಸಿಕೊಂಡು ಓಡಿದ್ದನ್ನು ಅತ್ತೆ ಎಷ್ಟೋ ವರ್ಷ ಆಡಿಕೊಂಡರು. ರಂಗೋಲಿಗೆಂದು ತಂದಿದ್ದ ಕೊಡದ ನೀರು ಸುರಿದೆ. ಹಿಂದೆಯೇ ಖಾಲಾ, ಅವರ ಹಿಂದೆ ಎಲ್ಲರೂ ಬಂದು ಬರಿಗೈಯಲ್ಲೇ ಬೂದಿ ಕೆದರಿದೆವು. ಕಪ್ಪು ಕಾಯಿಗಳು, ಬುಟ್ಟಿಗಟ್ಟಲೆ.

"ಎಲ್ಲಿಂದೋ ತಂದು ಸುರಿದಾರ್ರಿ," ಎಂದ ಆ ನಕ್ಕವನು.

ಖಾಲಾ ಸಾಹೇಬರನ್ನು ಗಿಡದ ಹತ್ತಿರ ಕರೆದೊಯ್ದರು. ತೊಟ್ಟು ಮುರಿದ ಜಾಗ ಇನ್ನೂ ಬೆಳ್ಳಗಿತ್ತು. "ನೋಡ್ರಿ ಸಾಬ್. ಗುಡ್ಡದ ತುಂಬ ಹಿಂಗೇ ಅದಾವ. ನಮ್ಮ ಹೆಣ್ಮಕ್ಕಳು ಒಂದೂ ಬಿಡದಂಗ ಬಡದಾರ."

ಸಾಹೇಬರು ಗಿಡದಿಂದ ಗಿಡಕ್ಕೆ ನಡೆದು, ಗುಡ್ಡದ ತುದಿಯವರೆಗೂ ನೋಡಿ ಬರೆದುಕೊಂಡರು. ಅವರ ವರದಿಯ ಮೇಲೆ ಕ್ವಾರಿಗೆ ತಡೆಯಾಜ್ಞೆ ಬಂತು. ಆಜ್ಞೆ ಬಂದ ಸಂಜೆ ಓಣಿಯಲ್ಲಿ ಮಿರ್ಚಿ ಕರಿದದ್ದೇ ಕರಿದದ್ದು. ರಂಗೋಲಿ ಹಾಕಿದ ಕೈಗೆ ಖಾಲಾ ಮುತ್ತಿಟ್ಟರು...

ಗುಡ್ಡ ಯಾರ ವ್ಯಾಪ್ತಿಗೆ ಎಂಬುದು ಮೇಲಿನ ಕೋರ್ಟಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಖಾಲಾ ತೀರ್ಪು ಕೇಳದೆಯೇ ಹೋದರು. ಅವರ ಮನೆಯಲ್ಲೀಗ ಬಾಡಿಗೆಯವರಿದ್ದಾರೆ.

ಸಂಜೆ ಆ ಮನೆಯಾಕೆಗೆ ಎರಡು ಹಣ್ಣು ಕೊಟ್ಟುಬಂದೆ. ಕಟ್ಟೆಯ ಮೇಲೆ ಕೂತು ಬೀಜ ಉಗುಳುತ್ತ ಅವಳೆಂದಳು, "ಗುಡ್ಡದ ಹಣ್ಣಿಗಿ ಏನ್ ತ್ರಾಸ್ ಇಲ್ಲ ನೋಡ್ರಿ ಅಕ್ಕಾರ. ಯಾರೂ ಏನೂ ಮಾಡೂದು ಬ್ಯಾಡ, ತಾವೇ ಬರ್ತಾವ."