ಅದುಮು, ಹಿಡ್ಕೋ, ಬಿಡು

ಮೊನ್ನೆ ಮಂಡಿಗೆ ಹಚ್ಚಲೆಂದು ಹರಳೆಣ್ಣೆ ಬಿಸಿ ಮಾಡುತ್ತಿದ್ದೆ. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ತಾನಾಗಿ ನೆಲವನ್ನು ಅದುಮಿತು. ನಗು ಬಂತು. ಆಮೇಲೆ ನಗು ನಿಂತುಹೋಯಿತು... ದೊಡ್ಡಬಳ್ಳಾಪುರದ ಪಕ್ಕದ ಮನೆಯವರು ನೆನಪಾದರು.

ಯುದ್ಧ ನಡೆಯುತ್ತಿದ್ದ ಕಾಲ. ನಾನು ಮದುವೆಯಾಗಿ ಬಂದ ಹೊಸತು. ನಮ್ಮ ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಅತ್ತೆಗೆ ಕಿವಿ ಮಂದ. ಇಡೀ ಬೀದಿಯಲ್ಲಿ ನನ್ನೊಡನೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದವರು ಪಕ್ಕದ ಮನೆಯಾಕೆ ಒಬ್ಬರೇ. ಆಕೆಯ ಗಂಡನಿಗೆ ಒಂದು ಹಳೆಯ ಬಾಡಿಗೆ ಕಾರಿತ್ತು. ಮಕ್ಕಳಿರಲಿಲ್ಲ, ಆ ಮನುಷ್ಯ ಕಾರಿಗೇ ಎರೆದು ಒರೆಸುತ್ತಾರೆಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಒಮ್ಮೆ ಗಂಡ ಹೆಂಡತಿ ಶಿವಗಂಗೆಯಿಂದ ಬರುವಾಗ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟು ಕಾರು ಹಳ್ಳಕ್ಕಿಳಿಯಿತು. ಅವರಿಗೆ ತರಚು ಗಾಯ, ಆಕೆಗೆ ಕೈ ಮುರಿಯಿತು. ಕೈ ಕೂಡಲೆಂದು ಸೋಂಪುರದ ತವರಿಗೆ ಹೋದಾಕೆ ತಿಂಗಳುಗಳಾದರೂ ಬರಲಿಲ್ಲ. ಬಸ್ಸಿನಲ್ಲಾದರೂ ಹೋಗಿ ಕರೆತರಬಾರದೇ ಎಂದು ಅತ್ತೆ ಹೇಳಿ ಸೋತರು. ಕಾರಿಗೆ ಅಂಟಿದ ಕೆಟ್ಟ ಹೆಸರು ಕಳೆಯದೆ ಹೆಂಡತಿಗೆ ಮುಖ ತೋರಿಸುವುದು ಹೇಗೆಂಬುದು ಆ ಮನುಷ್ಯನ ಸಂಕಟ. ಆಕೆ ಹೇಗೆ ಬಂದರೂ ಸರಿ, ಬಂದರೆ ಸಾಕಿತ್ತು ನನಗೆ.

ಕೊಟ್ಟಿಗೆಯಲ್ಲಿ ಕಾರನ್ನು ಪೂರ್ತಿ ಬಿಚ್ಚಿ, ಬ್ರೇಕಿಗೆ ಹೊಸ ಪಟ್ಟಿ, ಹೊಸ ರಬ್ಬರು ಹಾಕಿ ಮತ್ತೆ ಜೋಡಿಸಿದರು. ಬ್ರೇಕಿನ ಎಣ್ಣೆ ಆಗ ಎಲ್ಲಿಯೂ ಸಿಗದು; ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿ ತುಂಬಿದರು. ಕೊಳವೆಯೊಳಗಿನ ಗಾಳಿ ತೆಗೆಯಲು ಮಾತ್ರ ಇಬ್ಬರು ಬೇಕು. ಒಬ್ಬರು ಪೆಡಲು ತುಳಿಯಬೇಕು, ಇನ್ನೊಬ್ಬರು ಚಕ್ರದ ಬಳಿ ತಿರುಪು ಸಡಿಲಿಸಬೇಕು. ಮೊದಲೆಲ್ಲ ತುಳಿಯುತ್ತಿದ್ದುದು ಹೆಂಡತಿ. ಈಗ ಅತ್ತೆಯ ಅಪ್ಪಣೆ ಪಡೆದು ನನ್ನನ್ನು ಕೂರಿಸಿದರು. ಅತ್ತೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕಾವಲು ಕೂತರು. ಕಾರಿನಡಿಯಿಂದ ದನಿಯೊಂದೇ ಬರುತ್ತಿತ್ತು.

"ಅದುಮು ತಾಯಿ... ಹಿಡ್ಕೋ... ಈಗ ಬಿಡು."

ಕಾರು ಹೊರಟಿತು. ಆದರೆ ಕೆರೆ ಏರಿ ಮುಟ್ಟುವಷ್ಟರಲ್ಲಿ ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಚಕ್ರ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಆರಿದರೆ ಮತ್ತೆ ಸಲೀಸು. ಎಣ್ಣೆ ಬದಲಿಸಿದರು, ಪಟ್ಟಿ ಉಜ್ಜಿದರು, ಒಂದೊಂದೇ ಚಕ್ರ ಎತ್ತಿ ತಿರುಗಿಸಿ ನೋಡಿದರು. ಕೊನೆಗೊಂದು ದಿನ ಚಕ್ರ ಬಿಗಿದಿದ್ದಾಗಲೇ ತಿರುಪು ಸಡಿಲಿಸಿದರು. ಎಣ್ಣೆ ಚಿಮ್ಮಿತು, ಚಕ್ರ ತಿರುಗಿತು. ಕಾಲು ತೆಗೆದ ಮೇಲೂ ಎಣ್ಣೆ ಹಿಂದಕ್ಕೆ ಹೋಗುತ್ತಿರಲಿಲ್ಲವೆಂದು ಆಗ ತಿಳಿಯಿತು. ಕಾಲು ಸೋಕಿದರೆ ಸಾಕು, ಬ್ರೇಕು ಹಿಡಿಯಲೆಂದು ಪೆಡಲಿನ ಕಡ್ಡಿಯನ್ನು ಚೂರೂ ಸಡಿಲವಿಲ್ಲದಂತೆ ಬಿಗಿದವರು ಅವರೇ.

"ಹೆದರ್ಕೊಂಡು ಬಿಗಿದ್ಬಿಟ್ಟೆ ಕಣಮ್ಮ," ಎಂದರು ಕೈ ಒರೆಸಿಕೊಳ್ಳುತ್ತಾ. "ವಾಪಸ್ ಬರಾಕೆ ಜಾಗಾನೇ ಇಡ್ಲಿಲ್ಲ."

ಕಡ್ಡಿಯನ್ನು ಕೊಂಚ ಸಡಿಲಿಸಿ ಮರುದಿನ ಸೋಂಪುರಕ್ಕೆ ಹೊರಟರು. ನಾನು ಕನಕಾಂಬರ ಕಟ್ಟಿಟ್ಟು ಕಿಟಕಿಯಲ್ಲಿ ಕಾದೆ. ಸಂಜೆ ಕಾರು ಬಂದು ಬಾಗಿಲ ಮುಂದೆ ಎಳ್ಳಷ್ಟೂ ಜಾರದೆ ನಿಂತಿತು. ಪಕ್ಕದ ಸೀಟು ಖಾಲಿಯಿತ್ತು.

ಏನಾಯಿತೆಂದು ಅತ್ತೆ ಕೇಳಿದರು. ಅವರ ಕಿವಿಗೆ ಬೀಳಬೇಕಾದರೆ ಕೂಗಿಯೇ ಹೇಳಬೇಕು. ಪಾಪ, ಬೀದಿಗೆಲ್ಲ ಕೇಳುವಂತೆ ಹೇಳಿದರು. ಬ್ರೇಕು ಈಗ ಹೇಗೆ ಹಿಡಿಯುತ್ತದೆಂದು ಮಾವನ ಮನೆಯ ಜಗಲಿಯಲ್ಲಿ ಕೂತು ಬಿಡಿಸಿ ವಿವರಿಸಿದರಂತೆ. ಆಕೆ ಸೊಟ್ಟಗೇ ಕೂಡಿಕೊಂಡ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಕೇಳಿ ಒಂದೇ ಮಾತು ಆಡಿದರಂತೆ.

"ಕಾರು ವಾಸಿಯಾಯ್ತಲ್ಲ, ಸಂತೋಷ. ಇಷ್ಟು ದಿನದಾಗೆ ನನ್ ಕೈ ಹೆಂಗೈತೆ ಅಂತ ಒಂದ್ಸಲ ಬಂದು ಕೇಳಿದ್ರಾ?"

ಅವರು ಆಮೇಲೂ ಹೋಗಿ ಕರೆದರು, ಬಸ್ಸಿನಲ್ಲೂ ಹೋದರು. ಆಕೆ ಬರಲಿಲ್ಲ. ಆಗಾಗ ಗೋಡೆಯಾಚೆಯಿಂದ, ಗಾಳಿ ತೆಗೆಯಬೇಕು ಬಾ ತಾಯಿ ಎಂದು ನನ್ನನ್ನು ಕೂಗುತ್ತಿದ್ದರು. ಕೊಳವೆಯಲ್ಲಿ ಗಾಳಿ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೋಗಿ ತುಳಿಯುತ್ತಿದ್ದೆ... ಆಮೇಲೆ ನಾವು ಬೆಂಗಳೂರಿಗೆ ಮನೆ ಬದಲಿಸಿದೆವು. ಆ ಇಬ್ಬರನ್ನೂ ಮತ್ತೆ ನೋಡಲಿಲ್ಲ.

ಈಗ ನಮ್ಮ ಯಜಮಾನರೂ ಇಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ನೋಡಿದರೆ ಬಲಗಾಲು ಇನ್ನೂ ನೆಲವನ್ನು ಅದುಮಿಕೊಂಡೇ ಇತ್ತು. ಬಿಡು ತಾಯಿ ಎನ್ನಲು ಯಾರೂ ಇರಲಿಲ್ಲ.