ಸಹಿ ಹೊಂದದವರ ಬಾಗಿಲಲ್ಲಿ ಎದುವಿಹೆಸ್ ಲೆದೆಸ್ಮಾ

ವಾಷಿಂಗ್ಟನ್ ರಾಜ್ಯದ ಸೇಬಿನ ಕಣಿವೆಗಳಲ್ಲಿ ನಮ್ಮ ಲ್ಯಾಟಿನೊ ಜನ ಮರ ಸವರಿ, ಹಣ್ಣು ಬಿಡಿಸಿ, ಪೆಟ್ಟಿಗೆ ತುಂಬಿ ತಲೆಮಾರುಗಳನ್ನೇ ಕಳೆದಿದ್ದರೂ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಸಿಗುತ್ತಿದ್ದುದು ಅಪರೂಪ. ಆ ಕೊರತೆಯನ್ನು ಮನೆಮನೆಗೆ ನಡೆದು ತುಂಬಿದವರಲ್ಲಿ ಮೊದಲು ನೆನೆಯಬೇಕಾದವರು ನಮ್ಮ ಸಮುದಾಯ ಕೇಂದ್ರದ ಶ್ರೀಮತಿ ಎದುವಿಹೆಸ್ ಲೆದೆಸ್ಮಾ ಅವರು. ಈ ವಸಂತದಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಬಹುಕಾಲ ಅವರೊಡನೆ ದುಡಿದ ನನಗೆ ಇದನ್ನು ಬರೆಯುವಾಗ ಹೆಮ್ಮೆಗಿಂತ ದುಃಖವೇ ಮುಂದಾಗಿ ಬರುತ್ತಿದೆ.

ಹಣ್ಣಿನ ಶೆಡ್ಡಿನ ಕೆಲಸ ಬಿಟ್ಟು ಅವರು ಕೇಂದ್ರಕ್ಕೆ ಬಂದ ಕಾಲದಲ್ಲಿ, ಪೌರತ್ವ ಪಡೆದವರೂ ಸರ್ಕಾರದ ಕಾಗದ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎದುವಿಹೆಸ್ ಅವರು ಒಳಗೆ ಹೋಗಿ, ತಮಾಲೆ ಎಂಬ ಜೋಳದ ಕಡುಬಿಗೆ ಹಿಟ್ಟು ನಾದುವವರ ಪಕ್ಕದಲ್ಲಿ ತಾವೂ ಕೈಹಾಕಿ, ಮಾತು ತೆಗೆಯುತ್ತಿದ್ದರು: "ಕೆಲಸ ಬಿಟ್ಟು ಸಾಲಲ್ಲಿ ನಿಲ್ಲೋದು ಬೇಡ ಕಣಕ್ಕಾ, ಮೇಸ್ತ್ರಿ ಮುಖ ನೋಡೋದೂ ಬೇಡ. ಮತಪತ್ರ ಅಂಚೇಲಿ ಮನೆಗೇ ಬರುತ್ತೆ. ಲಕೋಟೆ ಮೇಲೆ ಸಹಿ ಹಾಕಿ ಕಳ್ಸಿದ್ರೆ ಆಯ್ತು."

ನಮ್ಮ ಕಾಲೊನಿಯ ಬಾವಿಗಳಿಗೆ ಡೈರಿಗಳ ಗೊಬ್ಬರದ ನೀರು ಇಳಿದು, ಮಕ್ಕಳಿಗೆ ಕುಡಿಸಬಾರದೆಂದು ವೈದ್ಯರೇ ಹೇಳಿದ ಮೇಲೆ, ಪಟ್ಟಣದಿಂದ ಕೊಳವೆ ತರುವ ಪ್ರಸ್ತಾಪ ಮತಕ್ಕೆ ಬಂತು. ಕಾಲೊನಿಯ ಜನ ಎಂದೂ ಇಲ್ಲದಷ್ಟು ಉತ್ಸಾಹದಿಂದ ಮತ ಕಳುಹಿಸಿದರು. ಆದರೂ ಪ್ರಸ್ತಾಪ ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು. ನಮ್ಮವರ ಅನೇಕ ಲಕೋಟೆಗಳನ್ನು, ಮೇಲಿನ ಸಹಿ ಕಚೇರಿಯ ದಾಖಲೆಯಲ್ಲಿದ್ದ ಸಹಿಗೆ ಹೊಂದುವುದಿಲ್ಲವೆಂದು, ತೆರೆದೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಹಾಗೆ ತಿರಸ್ಕೃತರಾದವರಲ್ಲಿ ಒಬ್ಬರು, ಹಿರಿಯರೆಂಬ ಗೌರವದಿಂದ ಎಲ್ಲರೂ 'ದೋನ್' ಎನ್ನುತ್ತಿದ್ದ ತಿಬುರ್ಸಿಯೊ. ಮರ ಸವರುವಾಗ ಏಣಿಯಿಂದ ಬಿದ್ದು ಅವರ ಬಲಗೈ ಬೆರಳುಗಳು ಮಡಚದಂತಾಗಿದ್ದವು, ಸಹಿಯೂ ಬದಲಾಗಿತ್ತು. ಸರಿಪಡಿಸಿಕೊಳ್ಳಿ ಎಂದು ಬಂದ ಇಂಗ್ಲಿಷ್ ಕಾಗದವನ್ನು ಅವರು ಬೆದರಿಕೆಯೆಂದೇ ತಿಳಿದು ಒಲೆಗೆ ಹಾಕಿದ್ದರು. ಎದುವಿಹೆಸ್ ಅವರೂ ನಾನೂ ಹೋಗಿ ಸಂಗತಿ ತಿಳಿಸಿದಾಗ ಮುದುಕರು ಎದ್ದು ನಿಂತು ಕೂಗಿದರು:

"ಕೈ ಹೋಯ್ತು, ಮನೆಗೆ ಹೋಗು ಅಂತ ತೋಟದೋರು ಅಂದ್ರು. ಈಗ ನೀನು ನೀನೇ ಅಲ್ಲ ಅಂತ ಈ ಕಚೇರಿಯೋರು ಅಂತಾರೆ. ನಿನ್ನ ಮಾತು ಕೇಳಿ ಇದನ್ನೂ ಅನ್ನಿಸ್ಕೊಂಡೆನಲ್ಲೇ, ಹುಡುಗಿ!"

ಎದುವಿಹೆಸ್ ಸಮಜಾಯಿಷಿ ಹೇಳಲಿಲ್ಲ. "ಹೌದು ದೋನ್ ತಿಬುರ್ಸಿಯೊ, ನಾನು ಅದನ್ನ ಮೊದಲೇ ಯೋಚ್ನೆ ಮಾಡ್ಬೇಕಿತ್ತು" ಎಂದಷ್ಟೇ ಹೇಳಿ ಹೊಸ್ತಿಲಲ್ಲಿ ಕುಳಿತುಬಿಟ್ಟರು. ಕೊನೆಗೆ ತಿಬುರ್ಸಿಯೊ ಅವರ ಮಡದಿ ನಿಕನೋರಾ, "ಬಯ್ದಿದ್ದು ಸಾಕು, ಕಾಫಿ ಕುಡೀಲಿ ಬಿಡಿ" ಎಂದು ಒಳಗೆ ಕರೆದರು.

ಆ ಚಳಿಗಾಲವೆಲ್ಲ ಎದುವಿಹೆಸ್ ಅವರು, ಸಹಿ ಕೆಟ್ಟವರನ್ನು ತಮ್ಮ ಹಳೆಯ ವ್ಯಾನಿನಲ್ಲಿ ಚುನಾವಣಾ ಕಚೇರಿಗೆ ಕರೆದೊಯ್ದು ಹೊಸ ಸಹಿ ದಾಖಲು ಮಾಡಿಸಿದರು. ಯಾರೋ ವ್ಯಾನಿನ ಗಾಜು ಒಡೆದರು. ಅವರು ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಓಡಿಸಿದರು. ಕೆಲವು ಮನೆಗಳು ಅವರಿಗೆ ಮತ್ತೆಂದೂ ತೆರೆಯಲಿಲ್ಲ. ಆದರೆ ತಿಬುರ್ಸಿಯೊ ಬಂದರು. ಸೊಟ್ಟ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು ಹೆಸರು ಬರೆದರು.

ಪ್ರಸ್ತಾಪ ಮತ್ತೆ ಮತಕ್ಕೆ ಬರುವ ಹೊತ್ತಿಗೆ ತಿಬುರ್ಸಿಯೊ ಹಾಸಿಗೆ ಹಿಡಿದಿದ್ದರು. ಹೊಟ್ಟೆಯ ಆ ಕಾಯಿಲೆ ನೀರಿನಿಂದಲೇ ಬಂದಿತೆಂದು ಯಾವ ವೈದ್ಯರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮತಪತ್ರಗಳು ಮನೆಗೆ ಬರುವ ಮುನ್ನವೇ ಅವರು ತೀರಿಕೊಂಡರು. ಅವರ ಹೆಸರಿಗೂ ಒಂದು ಬಂತು. ನಿಕನೋರಾ ಅದನ್ನು ಎದುವಿಹೆಸ್ ಅವರ ಕೈಗಿಟ್ಟು, "ಇದನ್ನೇನು ಮಾಡ್ಲಿ?" ಎಂದು ಕೇಳಿದರು. "ವಾಪಸ್ ಕಳಿಸ್ಬೇಕು ದೋನ್ಯಾ" ಎಂದು ಹೇಳಿ ಎದುವಿಹೆಸ್ ಅದನ್ನು ತಮ್ಮ ಚೀಲದಲ್ಲಿಟ್ಟುಕೊಂಡರು. ನಿಕನೋರಾ ತಮ್ಮ ಮತಪತ್ರಕ್ಕೆ ಸಹಿ ಹಾಕಿ, ಅದು ಓದುವಂತಿದೆಯೇ ಎಂದು ನಮಗಿಬ್ಬರಿಗೂ ತೋರಿಸಿದರು.

ಆ ಬಾರಿ ನಾವು ಗೆದ್ದೆವು. ನಲ್ಲಿ ಬಂದ ದಿನ ನಿಕನೋರಾ ಮೊದಲ ಲೋಟವನ್ನು ಎದುವಿಹೆಸ್ ಅವರಿಗೆ ಕೊಟ್ಟು, "ಕುಡಿ ಮಗಳೇ, ಅವರಿಗಂತೂ ಸಿಗ್ಲಿಲ್ಲ" ಎಂದರು. ಅವರು ನಿಂತಲ್ಲೇ ಪೂರ್ತಿ ಕುಡಿದರು.

ಮಾನ್ಯ ಎದುವಿಹೆಸ್ ಅವರಿಗೆ ಆಯುಸ್ಸು, ಆರೋಗ್ಯ, ಮಂಡಿಗೆ ಬಲ ಇವೆಲ್ಲವನ್ನೂ ಮನಸಾರೆ ಹಾರೈಸುತ್ತೇನೆ. ವಿಶ್ರಾಂತಿಯನ್ನು ಹಾರೈಸಲು ನನಗೆ ಧೈರ್ಯ ಸಾಲದು: ನಿನ್ನೆ ಸಂಜೆಯೂ ಅವರು, ತಮಗೆಂದೂ ತೆರೆಯದ ಒಂದು ಬಾಗಿಲನ್ನು ತಟ್ಟುತ್ತ ನಿಂತಿದ್ದರು.