ಬಾದಾಮಿ ಗುಡ್ಡದ ಮೇಲೆ ಅಂದಪ್ಪನ ಗ್ಲೈಡರು

ಹುನಗುಂದದಿಂದ ಬಾದಾಮಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಅಂದಪ್ಪ ಮತ್ತು ಅವನ ಹೆಂಡತಿ ಗುರುಲಿಂಗವ್ವ ಎರಡು ಉದ್ದನೆಯ ರೆಕ್ಕೆಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿರುತ್ತಿದ್ದರು. ಹೊಸ ಕಂಡಕ್ಟರ್ ಬಂದಾಗಲೆಲ್ಲ ಅದೇ ಮಾತು.

"ಏನ್ರಿ ಇದು? ಟಾಪಿನ ಮ್ಯಾಲ ಹಾಕ್ರಿ."

"ವಿಮಾನದ ರೆಕ್ಕಿರಿ. ಮ್ಯಾಲ ಹಾಕಿದ್ರ ಮುರೀತಾವ."

ಕಂಡಕ್ಟರ್ ನಗುತ್ತಿದ್ದ. ಅಮೀನಗಡದಲ್ಲಿ ಹತ್ತಿದವರು ಕರದಂಟಿನ ಪೊಟ್ಟಣ ಎದೆಗವಚಿಕೊಂಡು ರೆಕ್ಕೆಗೆ ತಾಗದಂತೆ ಸರಿದು ನಿಲ್ಲುತ್ತಿದ್ದರು. ಗುರುಲಿಂಗವ್ವ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ, ಈ ಮನುಷ್ಯನಿಗೂ ತನಗೂ ಸಂಬಂಧವೇ ಇಲ್ಲ ಎನ್ನುವಂತೆ ಕೂಡುತ್ತಿದ್ದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು.

ಅಂದಪ್ಪ ವಾಯುಸೇನೆಯಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿದ್ದವನು. ವಿಮಾನದೊಳಗಿನ ರೇಡಿಯೋ ಬಿಚ್ಚಿ, ಸರಿಮಾಡಿ, ಮತ್ತೆ ಕೂಡಿಸುವುದು ಅವನ ಕೆಲಸ. ಅವನು ಇಳಿದ ಮೇಲೆ ವಿಮಾನ ಏರುತ್ತಿತ್ತು. ಇಷ್ಟು ವರ್ಷ ವಿಮಾನಗಳ ನಡುವೆ ಇದ್ದೂ ಒಂದು ಸಲವೂ ಹಾರಲಿಲ್ಲ ಎಂಬ ಕೊರಗು ಒಳಗೇ ಇತ್ತು. ಅಲ್ಲಿನ ಅಧಿಕಾರಿಯೊಬ್ಬರಿಗೆ ಸಣ್ಣ ಗ್ಲೈಡರುಗಳನ್ನು ನೆಲದಿಂದಲೇ ರೇಡಿಯೋದಲ್ಲಿ ನಡೆಸುವ ಹವ್ಯಾಸವಿತ್ತು. ಅವರ ಸೆಟ್ಟು ಕೆಟ್ಟಾಗಲೆಲ್ಲ ಅಂದಪ್ಪನೇ ರಿಪೇರಿ ಮಾಡುತ್ತಿದ್ದ. ಅವನು ನೌಕರಿ ಮುಗಿಸಿ ಊರಿಗೆ ಹೊರಟ ದಿನ ಅವರು ಆ ಹಳೆಯ ಸೆಟ್ಟನ್ನು ಅವನ ಕೈಗೇ ಇಟ್ಟರು. ಎರಡು ಕಡ್ಡಿಗಳ ಒಂದು ಡಬ್ಬಿ. ಒಂದು ಕಡ್ಡಿ ಗ್ಲೈಡರನ್ನು ಎಡಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ. ಎಂಜಿನ್ನು ಇಲ್ಲ. ಗಾಳಿ ಎತ್ತಿದರೆ ಏರಬೇಕು, ಬಿಟ್ಟರೆ ಇಳಿಯಬೇಕು.

ಹುನಗುಂದದ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ ಮೇಲೆ ಅವನು ಗ್ಲೈಡರು ಕಟ್ಟಲು ಶುರುಮಾಡಿದ. ಹಗುರ ಕಟ್ಟಿಗೆ ಈ ಕಡೆ ಎಲ್ಲಿ ಸಿಗಬೇಕು? ಬಾಸಿಂಗ ಮಾಡುವವರ ಹತ್ತಿರ ಬೆಂಡು ತಂದ, ಬಿದಿರು ಸೀಳಿದ. ರೆಕ್ಕೆಗೆ ಹೊದಿಸಲು ರೇಷ್ಮೆ ಬೇಕಾಯಿತು. ಗುರುಲಿಂಗವ್ವನ ತವರು ಇಲಕಲ್ಲು, ಮನೆಯಲ್ಲಿ ಮಗ್ಗ.

"ನನ್ನ ಸೀರಿ ಸೆರಗು ಮುಟ್ಟಿದ್ರ ನೋಡ್ರಿ ಮತ್ತ," ಎಂದು ಬೈದಳು. ಮುಂದಿನ ಸಲ ತವರಿಗೆ ಹೋದವಳು ಉಳಿದ ಕೆಂಪು ರೇಷ್ಮೆಯ ತುಂಡುಗಳನ್ನು ಚೀಲದಲ್ಲಿ ತಂದು ಅವನ ಮುಂದೆ ಇಟ್ಟಳು. ಮಗ್ಗದ ನೂಲಿಗೆ ಹಚ್ಚುವಂತೆ ತೆಳುವಾಗಿ ಗಂಜಿ ಹಚ್ಚಿ, ಸುಕ್ಕಿಲ್ಲದಂತೆ ಎಳೆದು ಅಂಟಿಸಿದವಳೂ ಅವಳೇ.

ಆಷಾಢದಲ್ಲಿ ಪಡುವಣ ಗಾಳಿ ಬಾದಾಮಿಯ ಕೆಂಪು ಬಂಡೆಗೆ ಬಡಿದು ನೇರ ಮೇಲಕ್ಕೆ ಏಳುತ್ತದೆ. ಬಂಡೆಯ ಅಂಚಿನಲ್ಲಿ ನಿಂತು ಗ್ಲೈಡರನ್ನು ಗಾಳಿಗೆ ಎಸೆಯುವುದು ಗುರುಲಿಂಗವ್ವನ ಪಾಲು, ನಡೆಸುವುದು ಅಂದಪ್ಪನದು. ಎಸೆದ ಮೇಲೆ ಅವಳಿಗೆ ಬೇರೆ ಕೆಲಸವಿರುತ್ತಿರಲಿಲ್ಲ. ಬುತ್ತಿ ಬಿಚ್ಚುವ ತನಕ ಕಲ್ಲಿನ ಮೇಲೆ ಕೂತು, ಸೆರಗು ಹಾರದಂತೆ ಹಿಡಿದು, ಆಕಾಶ ನೋಡುತ್ತಿದ್ದಳು. ಹೀಗೆ ಕೆಲವು ವರ್ಷ ನಡೆಯಿತು.

ಆಮೇಲೆ ಗ್ಲೈಡರು ಪದೇ ಪದೇ ಬೀಳತೊಡಗಿತು. ಅಂದಪ್ಪ ಮೊದಲು ಬ್ಯಾಟರಿ ಬದಲಿಸಿದ, ನಂತರ ಇಡೀ ಸೆಟ್ಟನ್ನೇ ಬಿಚ್ಚಿ ನೋಡಿದ. ಸೆಟ್ಟಿನಲ್ಲಿ ದೋಷವಿರಲಿಲ್ಲ. ಬಾಗಲಕೋಟೆಗೆ ಸಾಮಾನು ತರಲು ಹೋದವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಎದುರಿಗೆ ಇರುವುದು ಕಾಣುತ್ತದೆ, ಪಕ್ಕದ ನೋಟ ಹೋಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ. ಅಂದಪ್ಪ ಮನೆಯಲ್ಲಿ ಏನೂ ಹೇಳಲಿಲ್ಲ. ಆ ಆಷಾಢದಲ್ಲೂ ಗುಡ್ಡಕ್ಕೆ ಹೊರಟ.

ಅವತ್ತು ಗಾಳಿ ಹದವಾಗಿತ್ತು. ಅಂದಪ್ಪ ಕತ್ತು ಎತ್ತಿ, ಬಹಳ ದಿನದ ಮೇಲೆ ಸಮಾಧಾನದಿಂದ ಕಡ್ಡಿ ಆಡಿಸುತ್ತಿದ್ದ.

"ನೋಡು, ಹೆಂಗ ತಿರಗಾಕತ್ತೈತಿ! ಒಂದ್ ಚೂರು ಅಲಗಾಡವಲ್ದು."

ಗುರುಲಿಂಗವ್ವ ಅವನ ಮುಖ ನೋಡಿದಳು, ಅವನು ನೋಡುತ್ತಿದ್ದ ಕಡೆ ನೋಡಿದಳು.

"ಅದು ಹದ್ದರಿ," ಎಂದಳು. "ನಮ್ದು ಅತ್ತಾಗ ಐತಿ. ತಲಿಕೆಳಗಾಗಾಕತ್ತೈತಿ."

ಅವನು ಗಾಬರಿಯಿಂದ ತಿರುಗಿದ. ಕಾಣಲಿಲ್ಲ. ಮತ್ತೊಂದು ಕಡೆ ತಿರುಗಿದ.

"ಎಲ್ಲಿ? ಎಲ್ಲೈತಿ?"

"ಎಡಕ್ಕ! ಅಯ್ಯ, ಎಡಕ್ಕ ಅಂದ್ರ... ಕೊಡ್ರಿ ಇಲ್ಲೆ!"

ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಏನು ಮಾಡಿದಳೋ ಅವಳಿಗೂ ತಿಳಿಯಲಿಲ್ಲ. ಗ್ಲೈಡರು ಒಮ್ಮೆ ನೆಟ್ಟಗಾಗಿ, ಮತ್ತೆ ವಾಲಿ, ಹಿಂದಿನ ಹುಲ್ಲಿನಲ್ಲಿ ಬಿದ್ದು ಒಂದು ರೆಕ್ಕೆ ಮುರಿಯಿತು. ಇಬ್ಬರೂ ಅಲ್ಲೇ ನಿಂತರು.

"ಯಾವಾಗಿಂದ?" ಎಂದು ಕೇಳಿದಳು.

"ಹೋದ ವರ್ಷದಿಂದ ಇರಬೇಕು. ಡಾಕ್ಟರ್ ಹತ್ರ ಹೋಗಿದ್ನಿ."

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಗುಡ್ಡಕ್ಕ ಬಿಡ್ತಿದ್ದಿಲ್ಲ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬಂಡೆಯ ಅಂಚು ಅವನಿಂದ ಎಷ್ಟು ಹತ್ತಿರವಿತ್ತೆಂದು ಆಗ ನೋಡಿದಳು. ಮುರಿದ ರೆಕ್ಕೆಯನ್ನು ಆಯ್ದುಕೊಂಡು, ಅವನ ಮೊಣಕೈ ಹಿಡಿದು ಕೆಳಗಿಳಿಸಿದಳು. ಕೆಲವು ದಿನ ಮನೆಯಲ್ಲಿ ಆ ಮಾತೇ ಇರಲಿಲ್ಲ. ಒಂದು ಸಂಜೆ ಅವನು ಅಂಗಡಿಯಿಂದ ಬಂದಾಗ ಅವಳು ಆ ರೆಕ್ಕೆಗೆ ಹೊಸ ರೇಷ್ಮೆ ಎಳೆಯುತ್ತ ಕೂತಿದ್ದಳು.

"ನನಗ ಕಲಿಸ್ರಿ. ಆದ್ರ ಅಲ್ಲಿ ನೀವು ಕೂತಿರಬೇಕು. ಅಂಚಿಗೆ ಬರಂಗಿಲ್ಲ."

ಸುಗ್ಗಿ ಮುಗಿದ ಹೊಲಗಳಲ್ಲಿ ಕಲಿಕೆ ನಡೆಯಿತು. ಗ್ಲೈಡರು ದೂರ ಹೋಗುವಾಗ ಎಡ ಎಂದರೆ ಎಡವೇ. ನಮ್ಮ ಕಡೆಗೆ ತಿರುಗಿ ಬರುವಾಗ ಎಲ್ಲ ಉಲ್ಟಾ. ಅಲ್ಲಿಯೇ ಅವಳು ಕೆಡವುತ್ತಿದ್ದಳು.

"ಎಡ ಬಲ ಮರತ್ಬಿಡು," ಎಂದ ಅಂದಪ್ಪ. "ನಿನ್ನ ಕಡೆ ಬರೂ ಮುಂದ ಯಾವ ರೆಕ್ಕಿ ಕೆಳಗ ಬಿದ್ದೈತಿ ನೋಡು. ಆ ಕಡೆ ಕಡ್ಡಿ ಒತ್ತು. ಬೀಳೂದಕ್ಕ ಆಸರ ಕೊಟ್ಟಂಗ."

ಅದು ಅವಳಿಗೆ ಹಿಡಿಯಿತು. ಹೊಲದ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವಳ ತಾಯಿ ಗುರುಸಿದ್ದವ್ವ ಇಲಕಲ್ಲಿನಿಂದ ಬಂದು, "ಮಂದಿ ಏನಂದಾರು?" ಎಂದಳು. "ವಿಮಾನ ಹಾರಸ್ತಾಳ ಅಂತಾರವ್ವ. ಖರೇನ ಐತಲ್ಲ," ಎಂದಳು ಗುರುಲಿಂಗವ್ವ.

ಗುಡ್ಡದ ಮೇಲೆ ಮತ್ತೆ ಹೋದದ್ದು ಎರಡು ಆಷಾಢ ಕಳೆದ ಮೇಲೆ. ಈಗ ಅವಳೇ ಎಸೆಯಬೇಕು, ಅವಳೇ ನಡೆಸಬೇಕು. ಅಂದಪ್ಪ ಹಿಂದೆ ಕಲ್ಲಿನ ಮೇಲೆ ಕೂತು ಒಂದೇ ಸಮನೆ ಹೇಳುತ್ತಿದ್ದ: ಮೂತಿ ಇಳಸು, ಭಾಳ ದೂರ ಬಿಡಬ್ಯಾಡ, ಗಾಳಿ ತಿರುಗೀತು. ಯಾವ ಮಾತು ಕೇಳಬೇಕೆಂದು ತಿಳಿಯದೆ ಅವಳು ಕಡ್ಡಿಯನ್ನು ಅತ್ತಿತ್ತ ಒತ್ತಿದಳು, ಗ್ಲೈಡರು ವಾಲತೊಡಗಿತು.

"ಒಂದಿಷ್ಟು ಸುಮ್ಮಕಿರ್ರಿ," ಎಂದಳು.

ಅಂದಪ್ಪ ಬಾಯಿ ಮುಚ್ಚಿದ. ನೋಟ ಹೋಗುತ್ತಿದೆ ಎಂದು ಡಾಕ್ಟರು ಹೇಳಿದ ದಿನವೂ ಅವನಿಗೆ ಇಷ್ಟು ಕಷ್ಟವಾಗಿರಲಿಲ್ಲ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಸುಂಯ್ ಎಂದು ರೆಕ್ಕೆ ಗಾಳಿ ಸೀಳುವ ಸದ್ದು ಹಾದುಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ಆ ಸದ್ದನ್ನು ಅವನು ಅದುವರೆಗೆ ಕೇಳಿಸಿಕೊಂಡೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಹುಲ್ಲಿನ ಮೇಲೆ ಏನೋ ಜಾರಿದ ಸಪ್ಪಳವಾಯಿತು.

"ಇಳೀತೇನು?"

"ಇಳೀತ್ರಿ. ಏನೂ ಮುರಿದಿಲ್ಲ."

ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುವಾಗ ಅವನು ಕೇಳಿದ, "ಅಷ್ಟೊತ್ತು ಏನೇನ್ ನೋಡಿದಿ?"

ಅವಳು ಬಸಿಯಲ್ಲಿ ಚಹಾ ಸುರಿದುಕೊಂಡು ಯೋಚಿಸಿದಳು. "ಊರ ಮ್ಯಾಲ ಹೋಗಿತ್ರಿ. ಯಾರೋ ಒಬ್ಬಾಕಿ ಮಾಳಿಗಿ ಮ್ಯಾಲ ಸೀರಿ ಒಣಹಾಕಾಕತ್ತಿದ್ಲು. ಮ್ಯಾಲ ನೋಡಿ, ಸೀರಿ ಕೈಯಾಗ ಹಿಡಕೊಂಡು ಹಂಗ ನಿಂತ್ಲು. ಆಕಿ ಒಳಗ ಹೋಗೂತನಕ ಅಲ್ಲೇ ತಿರುಗಿಸಿದ್ನಿ."

ಅಂದಪ್ಪ ಚಹಾದ ಕಪ್ಪು ಕೆಳಗಿಟ್ಟ.

"ನಾ ಇಷ್ಟು ವರ್ಷ ಎಲ್ಲಿ ಬಿದ್ದೀತೋ ಅಂತ ಅದನ್ನಷ್ಟ ನೋಡಿದ್ನಿ," ಎಂದ. "ಕೆಳಗ ಊರು ಐತಿ ಅನ್ನೂದು ನೋಡಲೇ ಇಲ್ಲ. ಆಕಿ ಸೀರಿ ಯಾವ ಬಣ್ಣದ್ದು?"

ಗುರುಲಿಂಗವ್ವ ಹೇಳತೊಡಗಿದಳು.